ಜೇಬಿನಲ್ಲೇ ಉಳಿದ ಕೀಲಿ

"ನಿಲ್ಲಿ! ಕಾಲು ಒಳಗಿಡಬೇಡಿ!"

ಆ ಕೂಗಿಗೆ ಬೆಚ್ಚಿ ಅವಳ ಕೈಯಲ್ಲಿದ್ದ ಟಾರ್ಚು ಜಾರಿತು. ಮೂರಾಳೆತ್ತರದ ಮಿಕ್ಸರಿನ ಹೊಟ್ಟೆಯೊಳಗೆ ಠಣ್ ಠಣ್ ಎಂದು ಬಡಿದುಕೊಳ್ಳುತ್ತಾ ತಳ ಸೇರಿತು.

ಅವಳು ಆ ಸಾಬೂನು ಕಾರ್ಖಾನೆಗೆ ಬಂದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಯಂತ್ರ ತಯಾರಿಸುವ ಕಂಪನಿಯ ಸರ್ವೀಸ್ ಇಂಜಿನಿಯರ್. ಎಂಟು ವರ್ಷಗಳಿಂದ ಊರೂರು ಅಲೆದು, ಕೆಟ್ಟು ನಿಂತ ಯಂತ್ರಗಳೊಳಗೆ ಇಳಿದು ರಿಪೇರಿ ಮಾಡಿ ಬರುವುದೇ ಅವಳ ಕೆಲಸ. ಅಂಥವಳಿಗೆ ಕಾಲು ಎಲ್ಲಿಡಬೇಕೆಂದು ಹೇಳಲು ಇವನ್ಯಾರು?

ಸಿಟ್ಟಿನಿಂದ ತಿರುಗಿ ನೋಡಿದಳು. ಏಣಿಯ ಕೆಳಗೆ ಒಬ್ಬ ನಿಂತಿದ್ದ. ಬಿಳಿ ಹೆಲ್ಮೆಟ್ಟು, ತೋಳು ಮಡಚಿದ ನೀಲಿ ಅಂಗಿ, ಗಂಟಿಕ್ಕಿದ ಹುಬ್ಬು. ಆ ಪಾಳಿಯ ಇನ್‌ಚಾರ್ಜ್ ಎಂದು ಎದೆಯ ಮೇಲಿನ ಬಿಲ್ಲೆ ಹೇಳುತ್ತಿತ್ತು.

"ಸ್ವಿಚ್ಚು ಆಫ್ ಮಾಡಿದೀನಲ್ಲ, ಕಾಣಲ್ವಾ?"

"ಆಫ್ ಮಾಡಿದ್ದನ್ನ ಆನ್ ಮಾಡೋಕೆ ಎಷ್ಟು ಹೊತ್ತು ಬೇಕು ಮೇಡಂ? ಬೀಗ ಎಲ್ಲಿ?"

ನಿಯಮ ಅವಳಿಗೂ ಗೊತ್ತಿತ್ತು. ಯಂತ್ರದೊಳಗೆ ಇಳಿಯುವವರು ಮೊದಲು ಸ್ವಿಚ್ಚಿಗೆ ತಮ್ಮ ಬೀಗ ಹಾಕಬೇಕು, ಕೀಲಿ ತಮ್ಮ ಹತ್ತಿರವೇ ಇರಬೇಕು. ಆದರೆ ಅದನ್ನು ಪಾಲಿಸುವ ಕಾರ್ಖಾನೆಯನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು.

ಅವನು ಗೋಡೆಯ ಪೆಟ್ಟಿಗೆಯಿಂದ ಒಂದು ಕೆಂಪು ಬೀಗ ತೆಗೆದು, ಸ್ವಿಚ್ಚಿನ ಹಿಡಿಗೆ ಸಿಕ್ಕಿಸಿ ಒತ್ತಿದ. ನಾಲ್ಕು ಮೆಟ್ಟಿಲು ಹತ್ತಿ ಬಂದು ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ.

"ಇದಕ್ಕೆ ಇರೋದು ಇದೊಂದೇ ಕೀಲಿ. ನೀವು ಹೊರಗೆ ಬಂದು ನಿಮ್ಮ ಕೈಯಾರೆ ಬಿಚ್ಚೋವರೆಗೂ ಈ ಯಂತ್ರ ತಿರುಗಲ್ಲ. ಯಾರು ಹೇಳಿದ್ರೂ ತಿರುಗಲ್ಲ."

"ಮಾಲೀಕರೇ ಬಂದು ಹೇಳಿದ್ರೆ?"

"ಅವರಪ್ಪ ಬಂದು ಹೇಳಿದ್ರೂ ತಿರುಗಲ್ಲ."

ಎಂಟು ವರ್ಷಗಳಲ್ಲಿ ಅವಳ ಜೀವಕ್ಕೆ ಯಾರಾದರೂ ಹೀಗೆ ಹೊಣೆ ಹೊತ್ತಿದ್ದುಂಟೆ? ಮನಸ್ಸು ಕರಗಿದ್ದನ್ನು ಮುಚ್ಚಿಕೊಳ್ಳಲು ಅವಳು ಬಿದ್ದ ಟಾರ್ಚಿನ ಜಗಳ ತೆಗೆದಳು. ಅವನು ತನ್ನ ಟಾರ್ಚು ಕೊಟ್ಟು, ಸಹಾಯ ಮಾಡೋಣವೆಂದು ಅವಳ ಸಾಮಾನಿನ ಚೀಲಕ್ಕೆ ಕೈಹಾಕಿದ.

"ಮುಟ್ಟಬೇಡಿ!"

ಈಗ ಬೆಚ್ಚುವ ಸರದಿ ಅವನದು.

"ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ನಮ್ಮಪ್ಪ ನಟ್ಟು-ಬೋಲ್ಟು ಬಿಚ್ತಿದ್ದ ಪಾನಾಗಳು ಅವು."

ಅಲ್ಲಿಗೆ ಇಬ್ಬರೂ ಸರಿಸಮವಾದರು.

* * *

ಅದಾಗಿ ಹತ್ತು ದಿನ. ಈಗ ಅದೇ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಮುಂದೆ ನೋಡಿದಷ್ಟು ದೂರವೂ ವಾಹನಗಳೇ. ಗಂಟೆ ಮೂರು ಇಪ್ಪತ್ತು.

ವಿಮಾನ ಐದು ಹತ್ತಕ್ಕೆ. ಅವತ್ತಿನ ಕೊನೆಯ ವಿಮಾನ ಅದು. ತಪ್ಪಿದರೆ ಮತ್ತೆ ನಾಳೆ ಮಧ್ಯಾಹ್ನವೇ. ನಾಳೆ ಬೆಳಿಗ್ಗೆ ಏಳಕ್ಕೆ ಅಪ್ಪನ ಹೃದಯದ ಆಪರೇಷನ್!

ಬೆಳಿಗ್ಗೆ ಅಮ್ಮ ಫೋನಿನಲ್ಲಿ ಹೇಳಿದ್ದಳು. "ನಿಮ್ಮಪ್ಪ ಹಟ ಹಿಡಿದಿದ್ದಾರೆ ಕಣೇ. ಮಗಳ ಮುಖ ನೋಡದೆ ಒಳಗೆ ಹೋಗಲ್ಲ ಅಂತಾರೆ. ಡಾಕ್ಟ್ರು ಧೈರ್ಯ ಹೇಳ್ತಾರೆ, ಆದ್ರೆ ಅವರ ಮುಖ ನೋಡಿದ್ರೆ ನಂಗೆ ಧೈರ್ಯ ಬರ್ತಿಲ್ಲ. ಹೇಗಾದ್ರೂ ಮಾಡಿ ಬಂದುಬಿಡು."

"ಅಣ್ಣಾ, ಬೇರೆ ದಾರಿ ಇಲ್ವಾ?" ಅವಳು ಚಾಲಕನನ್ನು ಕೇಳಿದಳು. ಇದು ನಾಲ್ಕನೆಯ ಸಲ.

"ಇದ್ದಿದ್ರೆ ನಾನ್ಯಾಕಮ್ಮ ಇಲ್ಲಿ ಕೂತಿರ್ತಿದ್ದೆ?" ನರೆತ ಮೀಸೆಯ ಚಾಲಕ ಕನ್ನಡಿಯಲ್ಲಿ ನೋಡಿ ಹೇಳಿದ. "ಆ ಗಡಿಯಾರನ ಹಾಗೆ ದುರುಗುಟ್ಟಿಕೊಂಡು ನೋಡಬೇಡಿ. ಅದೂ ಪಾಪ ಹೆದರಿ ಜೋರಾಗಿ ಓಡುತ್ತೆ."

ಅವಳಿಗೆ ನಗು ಬರಲಿಲ್ಲ. ಫೋನು ಮತ್ತೆ ನಡುಗಿತು. ಇನ್‌ಚಾರ್ಜ್. ಹನ್ನೊಂದನೆಯ ಕರೆ.

'ಇನ್ನೇನು ಉಳಿದಿದೆ ಮಾತಾಡೋಕೆ?' ಅವಳು ಫೋನು ಬೋರಲು ಹಾಕಿದಳು. ಕಣ್ಣು ತುಂಬಿ ಬಂತು.

ಹತ್ತು ದಿನಗಳಲ್ಲಿ ಏನೇನೆಲ್ಲ ನಡೆದಿತ್ತು! ಅವಳು ಒಳಗಿಳಿದಾಗಲೆಲ್ಲ ಅವನು ಸ್ವಿಚ್ಚಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಬೀಗ ಇದ್ದರೂ ಕೂರುತ್ತಿದ್ದ. ಪ್ಯಾಕಿಂಗ್ ವಿಭಾಗದ ಹೆಂಗಸರಂತೂ, "ಇವತ್ತು ಬೀಗ ಹಾಕ್ತಿದ್ದಾರೆ, ನಾಳೆ ಬೀಗರೂಟ ಹಾಕಿಸ್ತಾರೆ ಬಿಡು" ಎಂದು ಕಿಸಿಕಿಸಿ ನಗುತ್ತಿದ್ದರು. ಇಬ್ಬರೂ ಕೇಳಿಸದವರಂತೆ ಇರುತ್ತಿದ್ದರು. ಇಬ್ಬರ ಕಿವಿಯೂ ಕೆಂಪಾಗುತ್ತಿತ್ತು.

ಐದನೆಯ ದಿನ ಚಹಾ ಕುಡಿಯುವಾಗ ಅವನು ಅಣ್ಣನ ವಿಷಯ ಹೇಳಿದ್ದ. ಬೇರೊಂದು ಕಾರ್ಖಾನೆಯಲ್ಲಿ ಅವನಣ್ಣ ಯಂತ್ರದೊಳಗೆ ಇಳಿದಿದ್ದ, ಬೀಗ ಹಾಕಿಯೇ ಇಳಿದಿದ್ದ. ಕೆಲಸ ನಿಂತಿತೆಂದು ಯಾರಿಗೋ ಅವಸರ. 'ಅವನು ಊಟಕ್ಕೆ ಹೋಗಿರಬೇಕು, ನಾನು ನೋಡಿದೀನಿ, ಒಳಗೆ ಯಾರೂ ಇಲ್ಲ' ಅಂದು ಬೀಗ ಕತ್ತರಿಸಿದರು.

ಅಣ್ಣ ಊಟಕ್ಕೆ ಹೋಗಿರಲಿಲ್ಲ.

ಅಷ್ಟು ಹೇಳಿ ಅವನು ಲೋಟ ಕೆಳಗಿಟ್ಟಿದ್ದ. ಅವಳು ಅವನ ಕೈ ಹಿಡಿದಿದ್ದಳು. ಎಷ್ಟೋ ಹೊತ್ತು ಹಿಡಿದೇ ಇದ್ದಳು. 'ನನ್ನ ಹಾಗೇ ಈತನಿಗೂ ನನ್ನ ಮೇಲೆ ಮನಸ್ಸಿದೆ' ಎಂದು ಅವತ್ತು ಅವಳ ಮನಸ್ಸು ಹೇಳಿತ್ತು. ಮನಸ್ಸಿಗೇನು, ಹೇಳುತ್ತದೆ!

ಇವತ್ತು ಮಧ್ಯಾಹ್ನ ಕೊನೆಯ ಬೋಲ್ಟು ಬಿಗಿ ಮಾಡಿ ಹೊರಗೆ ಬಂದವಳು, ಕೈ ಒರೆಸಿಕೊಳ್ಳುತ್ತಾ ಅವನ ಮೇಜಿನ ಮೇಲಿದ್ದ ವರದಿ ನೋಡಿದಳು. ಅವಳ ಕಂಪನಿಗೆ ಹೋಗಬೇಕಾದ ಹಾಳೆ. ಷರಾ ಬರೆಯುವ ಜಾಗದಲ್ಲಿ ಅವನದೇ ದುಂಡಗಿನ ಅಕ್ಷರ.

'ಈ ಇಂಜಿನಿಯರನ್ನು ಇನ್ನು ಮುಂದೆ ಈ ಕಾರ್ಖಾನೆಗೆ ಕಳುಹಿಸಬಾರದು.'

ಒಂದೇ ಸಾಲು. ಕೆಳಗೆ ಸಹಿ.

ಎರಡು ಸಲ ಓದಿದಳು. ಮೂರನೆಯ ಸಲ ಓದಲು ಅಕ್ಷರಗಳು ಕಾಣಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು, ಗೇಟಿನ ಪುಸ್ತಕದಲ್ಲಿ ಸಹಿಯನ್ನೂ ಹಾಕದೆ, ಲಾರಿಗಳು ಹೋಗುವ ಹಿಂಬಾಗಿಲಿನಿಂದ ಹೊರಟು ಬಂದಿದ್ದಳು. ಇಷ್ಟವಿಲ್ಲದಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳಬಾರದಿತ್ತೆ? ಕೈ ಯಾಕೆ ಹಿಡಿಯಗೊಡಬೇಕಿತ್ತು?

ಕಣ್ಣೊರೆಸಿಕೊಳ್ಳಲು ಕರವಸ್ತ್ರ ಬೇಕಿತ್ತು. ಪ್ಯಾಂಟಿನ ಜೇಬಿಗೆ ಕೈಹಾಕಿದಳು.

ಬೆರಳಿಗೆ ತಣ್ಣಗೆ ಏನೋ ತಾಗಿತು.

ಕೀಲಿ!

ಕೀಲಿ ಇಲ್ಲಿದೆ ಎಂದರೆ... ಬೀಗ ಇನ್ನೂ ಅಲ್ಲೇ ಇದೆ! ಈ ಹತ್ತು ದಿನಗಳಲ್ಲಿ ಒಂದು ಸಲವೂ ಮಾಡದ ತಪ್ಪು. ಬೀಗ ಅಲ್ಲಿದ್ದರೆ, ಅವಳು ಒಳಗಿದ್ದಾಳೆ ಎಂದರ್ಥ. ಹೊರಗೆ ಹೋದದ್ದಕ್ಕೆ ಗೇಟಿನಲ್ಲಿ ಸಹಿಯೂ ಇಲ್ಲ.

"ಅಯ್ಯೋ... ಹನ್ನೊಂದು ಸಲ ಫೋನ್ ಮಾಡಿದ್ದು ಅದಕ್ಕಾ?"

ಅವನ ನಂಬರು ಒತ್ತಿದಳು. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಒತ್ತಿದಳು. ಎತ್ತಲಿಲ್ಲ. ಮ್ಯಾನೇಜರಿಗೆ ಮಾಡಿದಳು, ಬೇರೆ ಕರೆಯಲ್ಲಿದ್ದರು. ಟ್ಯಾಕ್ಸಿ ಹೇಗೋ ಆ ವಾಹನಗಳ ನಡುವಿನಿಂದ ನುಸುಳಿ ಹೆದ್ದಾರಿಗೆ ಬಂತು, ಅದೂ ಅವಳ ಗಮನಕ್ಕೆ ಬರಲಿಲ್ಲ. ಒತ್ತುತ್ತಲೇ ಇದ್ದಳು.

ಕೊನೆಗೆ ಗೇಟಿನ ಕಾವಲುಗಾರ ಸಿಕ್ಕಿದ.

"ಮೇಡಂ! ನೀವು ಹೊರಗಿದ್ದೀರಾ? ಇಲ್ಲಿ ದೊಡ್ಡ ಗಲಾಟೆ! ಮ್ಯಾನೇಜರು ಬೀಗ ಕತ್ತರಿಸಿ ಮಿಕ್ಸರ್ ಓಡಿಸಿ ಅಂತ ಕೂಗಾಡ್ತಿದ್ದಾರೆ. ದೊಡ್ಡ ಕತ್ತರಿ ತರೋಕೆ ವರ್ಕ್‌ಶಾಪಿಗೆ ಜನ ಕಳಿಸಿದ್ದಾರೆ."

"ಇನ್‌ಚಾರ್ಜ್ ಎಲ್ಲಿ? ಅವರಿಗೆ ಫೋನ್ ಕೊಡಿ!"

"ಅವರು ಎಲ್ಲೂ ಕಾಣ್ತಿಲ್ಲ ಮೇಡಂ. ಟಾರ್ಚ್ ಹಿಡ್ಕೊಂಡು ಮಿಕ್ಸರ್ ಒಳಗೆ ಇಳಿದ್ರು, ನಿಮ್ಮನ್ನ ಹುಡುಕೋಕೆ. ಇಳಿದಿದ್ದು ನೋಡ್ದೆ. ಮೇಲೆ ಬಂದಿದ್ದು ನಾನು ನೋಡಲಿಲ್ಲ."

ಅವಳು ಫೋನಿಗೆ ಕಿರುಚಿದಳು.

"ಓಡಿಹೋಗಿ ನಿಲ್ಲಿಸಿ! ಒಳಗೆ ಜನ ಇದ್ದಾರೆ ಅಂತ ಹೇಳಿ!"

"ಹಲೋ? ಮೇಡಂ? ಕೇಳಿಸ್ತಿಲ್ಲ..."

ಕರೆ ಕಡಿದುಹೋಯಿತು. ಮತ್ತೆ ಸಿಗಲೇ ಇಲ್ಲ.

ಅಣ್ಣ ಊಟಕ್ಕೆ ಹೋಗಿರಲಿಲ್ಲ... ಅಣ್ಣ ಊಟಕ್ಕೆ ಹೋಗಿರಲಿಲ್ಲ... ಅದೊಂದೇ ಮಾತು ಅವಳ ತಲೆಯೊಳಗೆ ಗಿರಗಿರನೆ ಸುತ್ತತೊಡಗಿತು. ತಮ್ಮನೂ ಹಾಗೆಯೇ... ಅವಳ ಮರೆವಿನಿಂದ... ಅವಳ ಹಾಳು ಸಿಟ್ಟಿನಿಂದ!

ದೂರದಲ್ಲಿ ವಿಮಾನ ನಿಲ್ದಾಣದ ಗಾಜಿನ ಕಟ್ಟಡ ಕಾಣುತ್ತಿತ್ತು. ಗಂಟೆ ನಾಲ್ಕು ಐದು.

"ನೋಡಿಮ್ಮ, ಹತ್ತೇ ನಿಮಿಷ. ತಲುಪಿಸಿಬಿಟ್ಟೆ!" ಚಾಲಕ ಗೆದ್ದವನಂತೆ ಹೇಳಿದ.

"ಅಣ್ಣಾ... ಗಾಡಿ ತಿರುಗಿಸಿ."

"ಏನು?"

"ತಿರುಗಿಸಿ! ಬಂದ ದಾರೀಲೇ ವಾಪಸ್! ಬೇಗ!"

"ನಿಮ್ಮಪ್ಪನ ಆಪರೇಷನ್ನು ಅಂದ್ರಲ್ಲಮ್ಮ..."

ಅವಳು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು. "ಅಪ್ಪನ ಹತ್ತಿರ ಡಾಕ್ಟ್ರು ಇದ್ದಾರೆ ಅಣ್ಣಾ. ಇವರ ಹತ್ತಿರ ಯಾರೂ ಇಲ್ಲ. ನಾನೇ ಕೊಂದ ಹಾಗಾಗುತ್ತೆ... ದಯವಿಟ್ಟು ತಿರುಗಿಸಿ!"

ಚಾಲಕ ಮುಂದಿನ ತಿರುವಿನಲ್ಲಿ ಸ್ಟೀರಿಂಗ್ ಎಳೆದ. ಗಾಜಿನ ಕಟ್ಟಡ ಹಿಂದಕ್ಕೆ ಸರಿಯಿತು.

'ಅಪ್ಪಾ, ಕ್ಷಮಿಸು. ನಿನ್ನ ಮಗಳು ಬರ್ತಿಲ್ಲ. ಕ್ಷಮಿಸಪ್ಪಾ...'

ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಕೀಲಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅಂಗೈಯಲ್ಲಿ ಅದರ ಹಲ್ಲಿನ ಗುರುತು ಮೂಡಿತ್ತು. ಅಮ್ಮನಿಗೆ ಹೇಗೆ ಹೇಳುವುದು? ಏನೆಂದು ಹೇಳುವುದು?

ಆಗ ಫೋನು ಹೊಡೆದುಕೊಂಡಿತು. ಇನ್‌ಚಾರ್ಜ್!

"ಹಲೋ! ಹೊರಗೆ ಬನ್ನಿ! ಮೊದಲು ಹೊರಗೆ ಬನ್ನಿ!" ಅವಳು ಚೀರಿದಳು.

"ಎಲ್ಲಿಂದ?" ಅವನು ಏದುಸಿರು ಬಿಡುತ್ತಿದ್ದ.

"ಮಿಕ್ಸರಿಂದ! ಬೀಗ ಕತ್ತರಿಸ್ತಿದ್ದಾರಂತೆ!"

ಅವನ ದನಿ, ಒಡೆದು ಚೂರಾದ ದನಿ ಕೇಳಿಸಿತು.

"ಮೇಡಂ... ನಾನು ಏರ್‌ಪೋರ್ಟ್ ಬಾಗಿಲಲ್ಲಿ ನಿಂತಿದೀನಿ. ಹಿಂಬಾಗಿಲಿಂದ ಬೈಕಲ್ಲಿ ಬಂದೆ, ನಿಮ್ಮ ಫೋನ್ ಕೇಳಿಸಲಿಲ್ಲ. ಇಲ್ಲೆಲ್ಲ ಹುಡುಕಿದೆ. ನೀವೆಲ್ಲಿದ್ದೀರಾ?"

"ನಾನು... ನಿಮಗೋಸ್ಕರ ವಾಪಸ್ ಹೊರಟೆ..."

"ವಾಪಸ್ಸಾ? ನಿಮ್ಮಪ್ಪ ಕಾಯ್ತಿದ್ದಾರೆ, ತಲೆ ಕೆಟ್ಟಿದೆಯಾ ನಿಮಗೆ? ಬನ್ನಿ ಇಲ್ಲಿಗೆ!"

ಅವಳು ತಲೆಯೆತ್ತಿ ನೋಡುವಷ್ಟರಲ್ಲಿ ಚಾಲಕ ಆಗಲೇ ಎದುರಿನ ತಿರುವಿಗೆ ಗಾಡಿ ನುಗ್ಗಿಸಿದ್ದ.

"ಫೋನ್ ಹಾಗೆ ಕೂಗ್ತಿದ್ರೆ ನನಗೂ ಕೇಳಿಸುತ್ತೆ ಕಣಮ್ಮ. ಗಟ್ಟಿಯಾಗಿ ಹಿಡ್ಕೊಳ್ಳಿ!"

* * *

ನಾಲ್ಕು ಮೂವತ್ತೊಂದು. ಟ್ಯಾಕ್ಸಿ ಇನ್ನೂ ನಿಂತಿರಲಿಲ್ಲ, ಅವಳು ಬಾಗಿಲು ತೆರೆದು ಜಿಗಿದಳು.

ಬಾಗಿಲ ಕಂಬದ ಪಕ್ಕ ಅವನು ನಿಂತಿದ್ದ. ಹೆಲ್ಮೆಟ್ಟು ಕೈಯಲ್ಲಿ, ಕೂದಲೆಲ್ಲ ಬೆವರು, ಅಂಗಿಯ ತುಂಬ ಸಾಬೂನಿನ ಪುಡಿ. ನಿಜಕ್ಕೂ ಆ ಮಿಕ್ಸರಿನ ತಳದವರೆಗೆ ಇಳಿದು ಬಂದಿದ್ದ. ಹತ್ತು ಹೆಜ್ಜೆ ದೂರಕ್ಕೇ ಸಾಬೂನಿನ ಪರಿಮಳ ಹೊಡೆಯುತ್ತಿತ್ತು.

ಅವನು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಮತ್ತೆ ನೋಡಿದ. ಆಮೇಲೆ ಕಂಬಕ್ಕೊರಗಿ ಕಣ್ಣು ಮುಚ್ಚಿಕೊಂಡ.

"ಕಣ್ಣಾರೆ ನೋಡಿದೆ," ಎಂದ. "ಸಾಕು."

"ಬೀಗ ಕತ್ತರಿಸಿದ್ರೆ? ಅಲ್ಲಿ ಬೇರೆ ಯಾರಾದ್ರೂ..."

ಅವನು ಜೇಬಿನಿಂದ ಮೂರು ದಪ್ಪ ಫ್ಯೂಸುಗಳನ್ನು ತೆಗೆದು ತೋರಿಸಿದ. "ಕಿತ್ಕೊಂಡು ಬಂದಿದೀನಿ. ಎಷ್ಟು ಬೀಗ ಬೇಕಾದ್ರೂ ಕತ್ತರಿಸಿಕೊಳ್ಳಲಿ. ಯಂತ್ರ ತಿರುಗಲ್ಲ."

"ನಾನು ಟ್ಯಾಕ್ಸಿ ಹತ್ತಿದ್ದನ್ನ ಯಾರೂ ನೋಡಲಿಲ್ವಾ?"

"ಪ್ಯಾಕಿಂಗಿನವರು ನೋಡಿದ್ವಿ ಅಂದ್ರು. ಒಳಗೆಲ್ಲ ನಾನೇ ಎರಡು ಸಲ ಹುಡುಕಿದೆ. ಆದ್ರೆ ಅಣ್ಣನ ಸಲಾನೂ ಯಾರೋ ನೋಡಿದ್ವಿ ಅಂದಿದ್ರು..." ಅವನು ಫ್ಯೂಸುಗಳನ್ನು ಮತ್ತೆ ಜೇಬಿಗೆ ತುರುಕಿದ.

ಅವಳ ಕಣ್ಣಿನಿಂದ ನೀರು ದಳದಳ ಇಳಿಯಿತು.

"ಇಷ್ಟೆಲ್ಲ ಮಾಡೋರು ಹಾಗ್ಯಾಕೆ ಬರೆದ್ರಿ? ನನ್ನ ಮತ್ತೆ ಕಳಿಸಬೇಡಿ ಅಂತ ಯಾಕೆ ಬರೆದ್ರಿ?"

ಅವನು ತಬ್ಬಿಬ್ಬಾದ. "ಅದನ್ನ ಓದಿದ್ರಾ? ಅದಕ್ಕೇ ಫೋನ್ ಎತ್ತಲಿಲ್ವಾ?"

"ಹೇಳಿ!"

"ಮ್ಯಾನೇಜರು ಇನ್ಮೇಲೆ ಬೀಗದ ಪದ್ಧತಿ ಬೇಡ, ಹೊತ್ತು ಹಾಳು ಅಂದ್ರು. ಬೆಳಿಗ್ಗೆ ರಾಜೀನಾಮೆ ಕೊಟ್ಟೆ. ಮುಂದಿನ ಸಲ ನೀವು ಬಂದಾಗ ಸ್ವಿಚ್ಚಿನ ಹತ್ತಿರ ಕೂರೋಕೆ ನಾನಿರಲ್ಲ. ನಾನಿಲ್ಲದ ಕಡೆ ನಿಮ್ಮನ್ನ ಆ ಯಂತ್ರದೊಳಗೆ ಇಳಿಸೋಕೆ..." ಅವನು ತಲೆ ತಗ್ಗಿಸಿದ. "ನನ್ನ ಕೈಲಿ ಆಗಲಿಲ್ಲ. ಅದಕ್ಕೆ ಬರೆದೆ."

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ!"

"ಕೆಲಸ ಇಲ್ಲದೋನು ಯಾವ ಬಾಯಿಂದ ಹೇಳಲಿ, ನೀವಂದ್ರೆ ನನಗೆ ಜೀವ ಅಂತ?"

ಹೇಳಬಾರದೆಂದು ಹೇಳುತ್ತಲೇ ಹೇಳಿಬಿಟ್ಟಿದ್ದ! ತಾನು ಹೇಳಿದ್ದು ಅವನಿಗೇ ಆಮೇಲೆ ಗೊತ್ತಾಯಿತು.

"ಯಾರಮ್ಮ ಐದು ಹತ್ತರ ವಿಮಾನ?" ಬಾಗಿಲ ಸಿಬ್ಬಂದಿ ಕೂಗಿದ. "ಲಗೇಜು ಕೌಂಟರ್ ಮುಚ್ಚಾಯ್ತು. ಬರೀ ಕೈಚೀಲ ಇದ್ರೆ ಓಡಿ, ಇನ್ನೂ ಬಿಡ್ತಾರೆ!"

ಅವಳು ಹೆಗಲ ಮೇಲಿನ ಚೀಲ ನೋಡಿಕೊಂಡಳು. ಪಾನಾ, ಸುತ್ತಿಗೆ, ಉಳಿ. ಇದನ್ನು ವಿಮಾನದೊಳಗೆ ಕೈಯಲ್ಲಿ ಹಿಡಿದು ಹೋಗಲು ಯಾರೂ ಬಿಡುವುದಿಲ್ಲ. ಲಗೇಜಿಗೆ ಹಾಕುವ ಹೊತ್ತು ಮೀರಿತ್ತು. ಅಪ್ಪ ಮೂವತ್ತು ವರ್ಷ ಗ್ಯಾರೇಜಿನಲ್ಲಿ ಬಳಸಿ, ಕೈ ನಡುಗತೊಡಗಿದ ದಿನ ಮಗಳಿಗೆ ಕೊಟ್ಟ ಹನ್ನೆರಡು ಪಾನಾಗಳು. ಒಂದು ದಿನವೂ ಅವಳು ಅವನ್ನು ಬೇರೆಯವರ ಕೈಗೆ ಕೊಟ್ಟಿರಲಿಲ್ಲ.

ಅವಳು ಚೀಲ ಇಳಿಸಿ ಅವನ ಹೆಗಲಿಗೆ ಹಾಕಿದಳು.

"ಮೇಡಂ! ಇದನ್ನ ಯಾರೂ ಮುಟ್ಟೋ ಹಾಗಿಲ್ಲ ಅಂತ..."

"ಯಾರೂ ಮುಟ್ಟೋ ಹಾಗಿಲ್ಲ. ನೀವು ಮುಟ್ಟಬಹುದು." ಕೀಲಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ ರೀ. ನೀವು ಇನ್ನೊಬ್ಬರು ಸಿಗಲ್ಲ. ಆಸ್ಪತ್ರೆ ಯಾವುದು ಅಂತ ಮೆಸೇಜ್ ಮಾಡ್ತೀನಿ. ತಂದುಕೊಡ್ತೀರಾ?"

"ಯಾವಾಗ ತರಲಿ?"

"ನಾಳೆ!" ಅವಳು ಓಡುತ್ತಲೇ ಕೂಗಿದಳು. "ನಾಳೆನೇ ಬನ್ನಿ!"

ಗಾಜಿನ ಬಾಗಿಲ ಆಚೆ ಅವಳು ಮರೆಯಾಗುವವರೆಗೂ ಅವನು ನೋಡುತ್ತಾ ನಿಂತ. ಹಿಂದಿನಿಂದ ಯಾರೋ ಮೂಗು ಒರೆಸಿಕೊಂಡ ಸದ್ದಾಯಿತು. ಟ್ಯಾಕ್ಸಿ ಚಾಲಕ.

"ಧೂಳು ಸಾರ್," ಎಂದ ಅವನು. "ಈ ರಸ್ತೆಲಿ ವಿಪರೀತ ಧೂಳು."

* * *

ಮರುದಿನ ಮಧ್ಯಾಹ್ನ. ಆಪರೇಷನ್ ಮುಗಿದು ಎರಡು ಗಂಟೆಯಾಗಿತ್ತು. ಅಪ್ಪನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಅಮ್ಮ ಔಷಧಿ ತರಲು ಕೆಳಗೆ ಹೋಗಿದ್ದಳು.

ಬೆಳಿಗ್ಗೆ ಒಳಗೆ ಕರೆದೊಯ್ಯುವ ಮುಂಚೆ ಅಪ್ಪ ಅವಳ ಕೆನ್ನೆ ಸವರಿ, "ಪಾನಾ ಎಲ್ಲಿ ಪುಟ್ಟಿ? ಚೀಲ ಕಾಣ್ತಿಲ್ಲ" ಎಂದು ಕೇಳಿದ್ದರು. "ಒಬ್ಬರ ಹತ್ತಿರ ಇದೆ ಅಪ್ಪ. ನೀನು ಎದ್ದಮೇಲೆ ತೋರಿಸ್ತೀನಿ," ಎಂದಿದ್ದಳು. ಅಪ್ಪ ಅವಳ ಮುಖವನ್ನೇ ನೋಡಿ ಸಣ್ಣಗೆ ನಕ್ಕಿದ್ದರು. "ಹಾಗಾದ್ರೆ ಏಳಲೇಬೇಕಾಯ್ತು."

ಏಳಬೇಕಲ್ಲ! ಬೆಂಚಿನ ಮೇಲೆ ಕೂತು ಅವಳು ಆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಎಚ್ಚರ ಆಗುವವರೆಗೂ ಏನೂ ಹೇಳಲಾಗುವುದಿಲ್ಲ ಎಂದಿದ್ದರು ಡಾಕ್ಟರು. ಕಣ್ಣು ಮುಚ್ಚಿದಳು.

ಆಸ್ಪತ್ರೆಯ ಔಷಧಿಯ ವಾಸನೆಯ ನಡುವೆ ಸಾಬೂನಿನ ಪರಿಮಳ ಬಂತು.

ಕಣ್ಣು ತೆರೆದಳು. ಕೆದರಿದ ಕೂದಲು, ಮುದುಡಿದ ಅಂಗಿ. ಇಡೀ ರಾತ್ರಿ ಬಸ್ಸಿನಲ್ಲಿ ಕೂತು ಬಂದವನ ಕೆಂಪು ಕಣ್ಣು. ಎದೆಗವಚಿಕೊಂಡ ಚೀಲ.

"ಹನ್ನೆರಡೂ ಇದೆ," ಎಂದ. "ದಾರಿಯಲ್ಲಿ ಆರು ಸಲ ಎಣಿಸಿದೆ."

ಅವಳು ನಗಲು ಹೋಗಿ ಅತ್ತಳು. ಅವನು ಪಕ್ಕದಲ್ಲಿ ಕೂತು ಜೇಬಿನಿಂದ ಕೆಂಪು ಬೀಗ ತೆಗೆದ. ಎಲ್ಲೂ ಗೀರಿಲ್ಲ, ಗಾಯವಿಲ್ಲ.

"ಕತ್ತರಿಸೋಕೆ ಯಾರೂ ಮುಂದೆ ಬರಲಿಲ್ವಂತೆ. ಪ್ಯಾಕಿಂಗಿನ ಹೆಂಗಸರೆಲ್ಲ ಸುತ್ತ ನಿಂತುಬಿಟ್ಟಿದ್ರಂತೆ. ನಾನು ವಾಪಸ್ ಹೋಗಿ ನಿಮ್ಮ ಕೀಲಿಯಿಂದಲೇ ಬಿಚ್ಚಿದೆ. ಫ್ಯೂಸ್ ಹಾಕಿಕೊಟ್ಟು ಬಸ್ಸು ಹತ್ತಿದೆ."

"ಆ ಷರಾ ಅಳಿಸಿದ್ರಾ?"

"ಇಲ್ಲ. ಸ್ವಲ್ಪ ಸೇರಿಸಬೇಕು ಅಂತಿದೀನಿ."

"ಏನಂತ?"

"ಈ ಇಂಜಿನಿಯರನ್ನ ಒಬ್ಬರನ್ನೇ ಎಲ್ಲಿಗೂ ಕಳಿಸಬಾರದು ಅಂತ."

ಅವಳು ಅವನ ಭುಜಕ್ಕೆ ತಲೆಯಾನಿಸಿದಳು. ಅವನು ಸ್ವಿಚ್ಚಿನ ಪಕ್ಕ ಕೂರುತ್ತಿದ್ದಂತೆಯೇ, ಆ ಮುಚ್ಚಿದ ಬಾಗಿಲ ಮೇಲೆ ಕಣ್ಣಿಟ್ಟು ಅಲುಗಾಡದೆ ಕೂತ.

ಎಷ್ಟು ಹೊತ್ತಾಯಿತೋ. ಬಾಗಿಲು ತೆರೆಯಿತು. ನರ್ಸು ಇಣುಕಿದಳು.

"ಏಳನೇ ಬೆಡ್ಡಿನ ಕಡೆಯವರು ಯಾರು? ಅವರಿಗೆ ಎಚ್ಚರ ಆಗಿದೆ. ಕಣ್ಣು ಬಿಟ್ಟ ಕೂಡಲೇ ಪಾನಾ, ಪಾನಾ ಅಂತಿದ್ದಾರೆ, ಏನಂತ ನನಗಂತೂ ಅರ್ಥ ಆಗ್ತಿಲ್ಲ."

ಇಬ್ಬರೂ ಒಟ್ಟಿಗೆ ಎದ್ದು ನಿಂತರು.

ಅವನು ಸಂಕೋಚದಿಂದ ಚೀಲವನ್ನು ಅವಳ ಕಡೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ನೀವೇ ಹಿಡ್ಕೊಳ್ಳಿ," ಎಂದಳು. "ಅಪ್ಪ ಕೇಳ್ತಿರೋದು ಅದು ಯಾರ ಹತ್ತಿರ ಇದೆ ಅಂತ."

"ಏನಂತ ಹೇಳ್ತೀರಾ?"

"ನಾನೇನು ಹೇಳೋದು? ಕಣ್ಣಾರೆ ನೋಡ್ತಾರಲ್ಲ."

ನರ್ಸು ಗಡಿಯಾರ ನೋಡಿದಳು. "ಇಬ್ಬರೂ ಅವರ ಕಡೆಯವರೇನಾ?"

"ಹೌದು," ಎಂದಳು ಅವಳು, ಅವನ ಕೈ ಹಿಡಿದು. "ಇಬ್ಬರೂ."